ಅನ್‌ಫಿಟ್ ಅಂತ ಬರೆದ ಮೇಲೆ

ಹಳ್ಳಿಯ ಉಪಕೇಂದ್ರದ ನರ್ಸಮ್ಮನ ಕೈಯಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಅರ್ಹ ದಂಪತಿಗಳ ರಿಜಿಸ್ಟರ್ ಅಂತ ಅದಕ್ಕೆ ಹೆಸರು. 15ರಿಂದ 49 ವರ್ಷದೊಳಗಿನ, ಗಂಡನೊಂದಿಗೆ ಬಾಳುತ್ತಿರುವ ಪ್ರತಿಯೊಬ್ಬ ಹೆಂಗಸಿನ ಹೆಸರು, ಮಕ್ಕಳೆಷ್ಟು, ಕೊನೆಯ ಮಗುವಿಗೆ ಎಷ್ಟು ವಯಸ್ಸು, ಯಾವ ವಿಧಾನ ಅನುಸರಿಸುತ್ತಿದ್ದಾಳೆ ಎಲ್ಲವೂ ಅದರಲ್ಲಿ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿಯ ಒಂದು ಉಪಕೇಂದ್ರದಲ್ಲಿ ನನ್ನ ಸೇವೆಯ ಕೊನೆಯ ವರ್ಷಗಳು ಕಳೆದವು. ಅಲ್ಲಿ ಒಬ್ಬಳ ಹೆಸರಿನ ಮುಂದೆ ನಾನು ಕೆಂಪು ಶಾಯಿಯಲ್ಲಿ ‘ಆಪರೇಷನ್‌ಗೆ ಅನ್‌ಫಿಟ್, ಕಿಡ್ನಿ’ ಅಂತ ಬರೆದು ಪುಟ ತಿರುಗಿಸಿದೆ. ಅವಳು ಈಗ ಡಯಾಲಿಸಿಸ್‌ನಲ್ಲಿದ್ದಾಳೆ. ಅವಳ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಬರೆಯಲು ಅವಳ ಒಪ್ಪಿಗೆ ಇದೆ. ‘ಇನ್ನೊಬ್ಬಳಿಗಾದ್ರೂ ತಿಳೀಲಿ, ಬರೀರಿ’ ಅಂದಳು.

ಮೈಸೂರಿನಿಂದ ನಂಜನಗೂಡು ದಾಟಿ ಊಟಿ ಕಡೆ ಹೋಗುವವರಿಗೆ ಬೇಗೂರು ಅಂದರೆ ಹೆದ್ದಾರಿ ಮೇಲಿನ ಒಂದು ಊರು. ಮಳೆಗಾಲ ಹಿಡಿಯುತ್ತಿದ್ದಂತೆ ಇಕ್ಕೆಲದಲ್ಲೂ ಸೂರ್ಯಕಾಂತಿ, ಚೆಂಡುಹೂವು. ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವನ್ನು ಬಗ್ಗಿ ಬಗ್ಗಿ ಕೀಳುವವರು, ಅರಿಶಿನ ಅಗೆಯುವವರು, ಸಣ್ಣೀರುಳ್ಳಿ ಕಳೆ ತೆಗೆಯುವವರು ನಮ್ಮ ರಿಜಿಸ್ಟರಿನ ಹೆಂಗಸರು. ಸಂಜೆ ಸೊಂಟ ನೋವು, ಮೊಣಕಾಲು ನೋವು ಅಂತ ಅಂಗಡಿಯಲ್ಲಿ ಮಾತ್ರೆ ಕೊಂಡು ನುಂಗಿ ಮಲಗುವುದು ಇಲ್ಲಿ ದಿನದ ಮಾತು. ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ವರ್ಷಗಟ್ಟಲೆ ತಿಂದರೆ ಮೂತ್ರಪಿಂಡಕ್ಕೆ ಪೆಟ್ಟು. ಬಿ.ಪಿ., ಸಕ್ಕರೆ ಇದ್ದವರಿಗಂತೂ ಇನ್ನೂ ಬೇಗ. ಇದನ್ನು ಸಭೆ ಸಭೆಯಲ್ಲೂ ಹೇಳುತ್ತಿದ್ದೆ. ಮೂತ್ರಪಿಂಡ ಕೆಟ್ಟ ಹೆಂಗಸು ಬಸಿರಾದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಒಂದು ಸಭೆಯಲ್ಲೂ ಹೇಳಿದವಳಲ್ಲ.

ಅವಳಿಗೆ ಇಬ್ಬರು ಮಕ್ಕಳು. ಎರಡನೇ ಬಸಿರಿನಲ್ಲಿ ನಂಜೇರಿತ್ತು. ಕಾಲು, ಮುಖ ಊದಿ, ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಯಾಯಿತು. ಬಸಿರಿನ ನಂಜು ಸಾಮಾನ್ಯವಾಗಿ ಹೆರಿಗೆಯಾದ ಕೆಲವು ವಾರಗಳಲ್ಲಿ ಇಳಿಯುತ್ತದೆ, ಮೂರು ತಿಂಗಳೊಳಗೆ ಮೂತ್ರ ತಿಳಿಯಾಗಬೇಕು. ಅವಳಿಗೆ ಆಗಲಿಲ್ಲ. ಮೊದಲೇ ಇದ್ದ ಕಾಯಿಲೆ ಬಸಿರಿನಲ್ಲಿ ಬಯಲಾಗಿತ್ತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ, ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.1. ಕೈಯಲ್ಲಿ ಮೈಸೂರಿನ ಕಿಡ್ನಿ ಡಾಕ್ಟರ ಚೀಟಿ, ಅದರಲ್ಲಿ ಎನಲಾಪ್ರಿಲ್. ಆ ಮಾತ್ರೆಯನ್ನು ಪ್ರತಿ ತಿಂಗಳು ಎಣಿಸಿ ಕೊಡುತ್ತಿದ್ದವಳು ನಾನೇ.

ಎರಡು ಮಕ್ಕಳಾದ ಮೇಲೆ ನಮ್ಮ ಕಡೆ ಹೆಂಗಸರು ಕೇಳುವುದು ಒಂದೇ, ‘ಆಪ್ರೇಸನ್ ಯಾವಾಗ?’ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಗೆ ಅಂಟಿಕೊಂಡಿದೆ. ಮಾತ್ರೆ, ಕಾಪರ್-ಟಿ, ಇಂಜೆಕ್ಷನ್ ಎಲ್ಲ ಸೇರಿಸಿದರೂ ಆಪರೇಷನ್ನಿನ ಹತ್ತಿರಕ್ಕೂ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ್ದು ಟಾರ್ಗೆಟ್ ಕಾಲದಲ್ಲಿ. ವರ್ಷಕ್ಕೆ ಇಂತಿಷ್ಟು ಆಪರೇಷನ್ ಕೇಸು ತರಬೇಕು, ತರದಿದ್ದರೆ ಮೇಲಿನವರ ಬೈಗುಳ. 1996ರಲ್ಲಿ ಟಾರ್ಗೆಟ್ ಪದ್ಧತಿ ಕೈಬಿಟ್ಟರು, ನಮ್ಮ ತಲೆಯಿಂದ ಅದು ಹೋಗಲಿಲ್ಲ. ಇದೇ ಮೈಸೂರು ಸೀಮೆಯಲ್ಲಿ 1930ರಷ್ಟು ಹಿಂದೆಯೇ ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಬಸಿರಿನ ನಡುವೆ ಬಿಡುವು ಬೇಕು, ದೇಹ ಸೋತ ಹೆಂಗಸಿಗೆ ಮತ್ತೆ ಬಸಿರು ಬೇಡ ಅನ್ನುವ ಕಾಳಜಿ ಅಂಥ ಕ್ಲಿನಿಕ್ಕುಗಳ ಹಿಂದೆ ಇತ್ತು. ನನ್ನ ಕೈಗೆ ಬರುವ ಹೊತ್ತಿಗೆ ಅದು ಬರೀ ಆಪರೇಷನ್ ಲೆಕ್ಕವಾಗಿತ್ತು, ನಾನೂ ಹಾಗೇ ನಡೆಸಿಕೊಂಡು ಹೋದೆ.

ಅವಳೂ ಆಪರೇಷನ್ ಶಿಬಿರಕ್ಕೆ ಹೋಗಿದ್ದಳು, ಕರೆದುಕೊಂಡು ಹೋದವಳು ನಾನು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲದೆ ಕೂತಿದ್ದಳು. ಬಿ.ಪಿ. ನೋಡಿ, ಮೂತ್ರ ನೋಡಿ, ಅರಿವಳಿಕೆ ಕೊಡಲು ಆಗುವುದಿಲ್ಲ ಅಂತ ವಾಪಸು ಕಳಿಸಿದರು. ಶಿಬಿರದ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಅಂಥ ದೇಹಕ್ಕೆ ಎಲ್ಲ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯಲ್ಲೇ, ಕಿಡ್ನಿ ವೈದ್ಯರನ್ನೂ ಕೇಳಿಕೊಂಡು ಆಪರೇಷನ್ ಮಾಡಬೇಕು. ತಪ್ಪು ಆಮೇಲಿನದು. ರಿಜಿಸ್ಟರಿನಲ್ಲಿ ಅನ್‌ಫಿಟ್ ಅಂತ ಬರೆದ ಮೇಲೆ ಅವಳು ನನ್ನ ಲೆಕ್ಕದಿಂದ ಇಳಿದಳು. ಬಸಿರನ್ನು ತಡೆಯಬೇಕಾದ ತುರ್ತು ಆ ಊರಿನಲ್ಲಿ ಅವಳಿಗಿಂತ ಹೆಚ್ಚು ಯಾರಿಗೂ ಇರಲಿಲ್ಲ. ಕ್ರಿಯಾಟಿನಿನ್ 2 ದಾಟಿದ ಮೇಲೆ ಬಸಿರಾದರೆ, ಮೂವರಲ್ಲಿ ಒಬ್ಬಳಿಗೆ ಹೆರಿಗೆಯಾದ ವರ್ಷದೊಳಗೆ ಮೂತ್ರಪಿಂಡ ಪೂರ್ತಿ ಸೋಲಬಹುದು ಅನ್ನುವುದು ಕಿಡ್ನಿ ವೈದ್ಯರು ಬಹಳ ಕಾಲದಿಂದ ಬಲ್ಲ ಲೆಕ್ಕ.

ಒಂದು ಲಸಿಕೆ ದಿನ ಅವಳಾಗೇ ಕೇಳಿದಳು. ಮಗುವಿಗೆ ಸೂಜಿ ಹಾಕಿಸಿಕೊಂಡು, ಉಳಿದವರೆಲ್ಲ ಹೋಗುವ ತನಕ ಬಾಗಿಲ ಹತ್ತಿರ ನಿಂತಿದ್ದಳು. ‘ಸಿಸ್ಟ್ರೇ, ನಂಗೆ ಏನಾರ ಕೊಡಿ. ಹೆದ್ರಿಕೆ ಆಗ್ತದೆ.’

ಆಗ ತಾನೆ, 2017ರ ನಂತರ, ಸರ್ಕಾರದ ಉಚಿತ ಸಾಮಗ್ರಿಗೆ ಎರಡು ಹೊಸದು ಸೇರಿದ್ದವು. ಮೂರು ತಿಂಗಳಿಗೊಂದು ‘ಅಂತರ’ ಇಂಜೆಕ್ಷನ್, ವಾರಕ್ಕೊಂದು ‘ಛಾಯಾ’ ಮಾತ್ರೆ. ಛಾಯಾ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು, ಹಾರ್ಮೋನು ಇಲ್ಲದ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ನಾನು ಅದಕ್ಕೇ ಕೈ ಹಾಕಿದೆ. ತಕ್ಷಣ ತರಬೇತಿಯ ಮಾತು ನೆನಪಾಯಿತು: ಕಾಮಾಲೆ, ಲಿವರ್ ತೊಂದರೆ, ಕ್ಷಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಛಾಯಾ ಕೊಡಬಾರದು. ಪಟ್ಟಿಯನ್ನು ಒಳಗಿಟ್ಟೆ. ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೊಜನ್ ಇದೆ, ಬಿ.ಪಿ. ಏರಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸುರಿದುಹೋಗುವವರಿಗೆ ರಕ್ತ ಹೆಪ್ಪುಗಟ್ಟುವ ಭಯ ಮೊದಲೇ ಇರುತ್ತದೆ, ಅದೂ ಬೇಡ. ಅಂತರ ಇಂಜೆಕ್ಷನ್ನಿಗೂ ನನಗೆ ಧೈರ್ಯ ಬರಲಿಲ್ಲ. ‘ನಿನಗೆ ಇದ್ಯಾವುದೂ ಆಗಲ್ಲ ಕಣವ್ವ. ಮುಂದಿನ ಸಲ ಮೈಸೂರಿಗೆ ಹೋದಾಗ ಕಿಡ್ನಿ ಡಾಕ್ಟ್ರನ್ನೇ ಕೇಳು’ ಅಂದೆ.

ತಪ್ಪು ಔಷಧಿ ಕೊಡಲಿಲ್ಲ ಅನ್ನುವ ಸಮಾಧಾನ ಆ ದಿನ ನನಗಿತ್ತು. ಆ ಸಮಾಧಾನವೇ ನನ್ನ ಕಣ್ಣು ಕಟ್ಟಿತು. ಅದೇ ಬೀರುವಿನಲ್ಲಿ ಕಾಪರ್-ಟಿ ಇತ್ತು, ನಮ್ಮ ಹೆಂಗಸರ ಬಾಯಲ್ಲಿ ವಂಕಿ. ತಾಮ್ರದ ವಂಕಿಯಲ್ಲಿ ಹಾರ್ಮೋನು ಇಲ್ಲ, ಬಿ.ಪಿ. ಏರದು, ಮೂತ್ರಪಿಂಡ ಅದನ್ನು ಸೋಸಬೇಕಾಗಿಲ್ಲ. 380ಎ ಮಾದರಿಯದು ಹತ್ತು ವರ್ಷ ಕೆಲಸ ಮಾಡುತ್ತದೆ, 375 ಮಾದರಿಯದು ಐದು ವರ್ಷ. ಮುಟ್ಟಿನ ರಕ್ತ ಹೆಚ್ಚಾಗಬಹುದು, ರಕ್ತಹೀನತೆ ಇರುವ ಕಿಡ್ನಿ ರೋಗಿಗಳಲ್ಲಿ ಅದನ್ನು ಗಮನಿಸುತ್ತಿರಬೇಕು, ಅಷ್ಟೆ. ಯಾರಿಗೆ ಏನು ಕೊಡಬಾರದು ಅನ್ನುವುದನ್ನು ನಾನು ಬಾಯಿಪಾಠ ಮಾಡಿದ್ದೆ. ಏನನ್ನೂ ಕೊಡದೆ ಕಳಿಸಿದರೆ ಏನಾಗುತ್ತದೆ ಅನ್ನುವುದನ್ನು ಯೋಚಿಸಿರಲಿಲ್ಲ. ನಮ್ಮಲ್ಲಿದ್ದ, ಯಾರಿಗೆ ಯಾವ ವಿಧಾನ ಅಂತ ತಿರುಗಿಸಿ ನೋಡುವ ಚಕ್ರದಲ್ಲೂ ಮೂತ್ರಪಿಂಡಕ್ಕೆ ಬೇರೆ ಮನೆ ಇರಲಿಲ್ಲ. ಅದಕ್ಕೆ ಆಧಾರವಾದ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಲ್ಲಿ ಆ ಮಾತು ಬರುವುದು ಸಕ್ಕರೆ ಕಾಯಿಲೆಯ ಒಂದು ಉಪದ್ರವವಾಗಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ತನ್ನ ಪಟ್ಟಿಗೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯನ್ನು ಪ್ರತ್ಯೇಕವಾಗಿ ಸೇರಿಸಿದ್ದು 2024ರಲ್ಲಿ. ಇದನ್ನು ನನ್ನ ರಕ್ಷಣೆಗೆ ಹೇಳುತ್ತಿಲ್ಲ. ಚಕ್ರದಲ್ಲಿ ಇಲ್ಲದಿದ್ದರೆ ಒಂದು ಫೋನು ಮಾಡಿ ವೈದ್ಯಾಧಿಕಾರಿಯನ್ನು ಕೇಳಬಹುದಿತ್ತು. ಕೇಳಲಿಲ್ಲ.

ಕಿಡ್ನಿ ಡಾಕ್ಟರ ಹತ್ತಿರ ಏನಾಯಿತು ಅಂತ ಅವಳು ಹೇಳಿದ್ದು ಬಹಳ ಕಾಲದ ಮೇಲೆ. ಗಂಡ ಕೂಲಿ ಬಿಡಲಾಗದೆ ಭಾವನನ್ನು ಜೊತೆ ಮಾಡಿ ಕಳಿಸುತ್ತಿದ್ದ. ಕೋಣೆ ತುಂಬ ಜನ, ಎದುರಿಗೆ ಗಂಡಸು ಡಾಕ್ಟರು, ಮಗ್ಗುಲಲ್ಲಿ ಗಂಡನ ಅಣ್ಣ. ಅವರು ಕ್ರಿಯಾಟಿನಿನ್ ನೋಡಿದರು, ಉಪ್ಪು ಕಮ್ಮಿ ಮಾಡು ಅಂದರು, ಮಾತ್ರೆ ಬರೆದರು. ಅವಳು ಕೇಳಲಿಲ್ಲ, ಅವರೂ ಕೇಳಲಿಲ್ಲ. ಕಿಡ್ನಿಯವರಿಗೆ ಇದು ಹೆರಿಗೆಯವರ ವಿಷಯ, ಹೆರಿಗೆಯವರಿಗೆ ಕಿಡ್ನಿಯವರ ವಿಷಯ. ಎರಡೂ ಕಡೆಗೆ ಹೋಗಲಾಗದವಳು ನಮ್ಮ ಕಡೆ ಬಂದಿದ್ದಳು, ನಾನು ಅವಳನ್ನು ಅದೇ ಬಾಗಿಲಿಗೆ ವಾಪಸು ಕಳಿಸಿದ್ದೆ. ಇದು ಹಳ್ಳಿಗಾಡಿನ ಕಥೆ ಮಾತ್ರ ಅಂತಲೂ ಅಲ್ಲ. ಅಮೆರಿಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ, ಹೆರುವ ವಯಸ್ಸಿನ ಹೆಂಗಸರ ದಾಖಲೆಗಳನ್ನು ತೆಗೆದು ನೋಡಿದಾಗಲೂ ಗರ್ಭನಿರೋಧಕ ಪಡೆದವರು ನೂರಕ್ಕೆ ಸುಮಾರು ಐವರೇ.

ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತದೆ, ಆದರೂ ಬೇರು ಇರುವುದು ಅಲ್ಲೇ. ಮುಖ ಊದಿಕೊಂಡು, ಬಿಳಿಚಿಕೊಂಡು, ಹತ್ತು ಹೆಜ್ಜೆಗೆ ಕೂರುವ ಅವಳನ್ನು ನೋಡಿ, ಇವಳಿಗೂ ಗಂಡನಿಗೂ ಇನ್ನೇನು ಸಂಬಂಧ ಉಳಿದೀತು ಅಂತ ನಾನು ಒಳಗೊಳಗೆ ತೀರ್ಮಾನಿಸಿದ್ದೆ. ಕಾಯಿಲೆಯವಳು ಹೆಂಡತಿಯಲ್ಲ ಅಂತ ನನ್ನ ಮನಸ್ಸು ಗೆರೆ ಎಳೆದಿತ್ತು. ಅವಳಿಗೆ ಆಗ 27 ವರ್ಷ. ಗಂಡ ಕೆಟ್ಟವನಲ್ಲ. ಕತ್ತಲಾದ ಮೇಲೆ ಅವರಿಬ್ಬರೂ ಎಲ್ಲರ ಹಾಗೆ ಗಂಡಹೆಂಡಿರೇ ಆಗಿದ್ದರು.

ಆಮೇಲೆ ಮುಟ್ಟು ತಪ್ಪಿತು. ಅವಳು ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿದಳು. ಮೂತ್ರಪಿಂಡ ಕೆಟ್ಟಾಗ ಮೆದುಳಿನಿಂದ ಅಂಡಾಶಯಕ್ಕೆ ಬರುವ ಹಾರ್ಮೋನಿನ ಲಯ ತಪ್ಪುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ, ಮುಟ್ಟು ಎರಡು ತಿಂಗಳಿಗೋ ಮೂರು ತಿಂಗಳಿಗೋ ಬರುತ್ತದೆ. ಅದಕ್ಕೇ ಬಹಳ ಹೆಂಗಸರು, ಎಷ್ಟೋ ಸಲ ವೈದ್ಯರೂ, ಇನ್ನು ಬಸಿರಿನ ಭಯವಿಲ್ಲ ಅಂದುಕೊಳ್ಳುತ್ತಾರೆ. ಬಸಿರು ನಿಲ್ಲುವ ಸಾಧ್ಯತೆ ಕುಗ್ಗುತ್ತದೆ ನಿಜ, ಇಲ್ಲವಾಗುವುದಿಲ್ಲ. ಮುಟ್ಟು ಕಾಣದ ತಿಂಗಳಲ್ಲೂ ಅಂಡ ಬಿಡುಗಡೆಯಾಗಬಹುದು. ಡಯಾಲಿಸಿಸ್‌ನಲ್ಲಿರುವವರೂ ಬಸಿರಾಗುತ್ತಾರೆ.

ವಾಂತಿ ಅಂತ ಬಂದಳು. ರಕ್ತದಲ್ಲಿ ಯೂರಿಯಾ ಏರಿದರೂ ವಾಂತಿ ಬರುತ್ತದೆ. ‘ಕಿಡ್ನಿ ವಾಂತಿ’ ಅಂತ ಹೇಳಿ, ಮಾಮೂಲಿನಂತೆ ಎನಲಾಪ್ರಿಲ್ ಎಣಿಸಿ ಕೊಟ್ಟೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಇತ್ತು. ಮೂತ್ರದ ಎರಡು ಹನಿ, ಐದು ನಿಮಿಷ. ಮದುವೆಯಾದ ಹೊಸ ಹುಡುಗಿ ಬಂದು ತಲೆ ಸುತ್ತು ಅಂದರೆ ಮೊದಲು ಅದನ್ನೇ ತೆಗೆಯುತ್ತಿದ್ದ ನಾನು, ಇವಳಿಗೆ ತೆಗೆಯಲಿಲ್ಲ.

ಹೊಟ್ಟೆ ಮುಂದೆ ಬಂದಿದ್ದನ್ನು ಗುರುತಿಸಿದ್ದು ಆಶಾ. ಸ್ಕ್ಯಾನ್‌ನಲ್ಲಿ ಐದು ತಿಂಗಳು ದಾಟಿತ್ತು. ಮಗುವಿನ ಸುತ್ತ ಇರಬೇಕಾದ ನೀರು ಬತ್ತಿಹೋಗಿತ್ತು. ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳು ಮೂತ್ರಪಿಂಡ ಉಳಿಸುವುದಕ್ಕೆ ಬಹಳ ಒಳ್ಳೆಯವು. ಅದೇ ಮಾತ್ರೆಗಳು ಬಸಿರಿನ ನಾಲ್ಕನೇ ತಿಂಗಳಿಂದಾಚೆ ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಆ ನೀರಿನ ಬಹುಪಾಲು ಮಗುವಿನ ಮೂತ್ರವೇ, ಅದು ನಿಂತರೆ ನೀರೂ ಬತ್ತುತ್ತದೆ. ಕಾಯಿಲೆಯಿಂದಲೂ ಹಾಗಾಗಬಹುದು, ಮಾತ್ರೆಯಿಂದಲೂ ಆಗಿರಬಹುದು ಅಂದರು ಮೈಸೂರಿನ ವೈದ್ಯೆ. ಬಸಿರು ಅಂತ ತಿಳಿದಿದ್ದರೆ ಮೊದಲ ದಿನವೇ ಅದನ್ನು ನಿಲ್ಲಿಸಿ ಮೀಥೈಲ್‌ಡೋಪಾ, ಲ್ಯಾಬೆಟಲಾಲ್‌ನಂಥ ಬಸಿರಿಗೆ ಒಗ್ಗುವ ಮಾತ್ರೆಗೆ ಬದಲಿಸುತ್ತಿದ್ದರು. ಇನ್ನೂ ಮೊದಲೇ ತಿಳಿದಿದ್ದರೆ ಅವಳಿಗೆ ಬೇಕಾದ್ದನ್ನು ಅವಳು ಯೋಚಿಸಿ ಹೇಳಬಹುದಿತ್ತು. ಆಗಿನ ಕಾನೂನಿನಲ್ಲಿ ಗರ್ಭಪಾತಕ್ಕೆ ಇದ್ದ ಮಿತಿ 20 ವಾರ, ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ವೈದ್ಯರು ಆ ಮಾತು ಆಡುವ ಹೊತ್ತಿಗೇ ಮಗುವಿನ ಎದೆಬಡಿತ ನಿಂತಿತ್ತು.

ಅವಳ ಕ್ರಿಯಾಟಿನಿನ್ ಮತ್ತೆ ಇಳಿಯಲಿಲ್ಲ. ಮರುವರ್ಷ ಡಯಾಲಿಸಿಸ್‌ಗೆಂದು ಕೈಗೆ ಫಿಸ್ಟುಲಾ ಹಾಕಿದರು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಿ.ಪಿ.ಎಲ್. ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದುಡ್ಡು ಉಳಿಯಿತು, ದಿನಗಳು ಉಳಿಯಲಿಲ್ಲ. ಡಯಾಲಿಸಿಸ್ ಇರುವ ದಿನ ಕೂಲಿಯೂ ಇಲ್ಲ, ಮಕ್ಕಳಿಗೆ ಅನ್ನ ಮಾಡುವ ಶಕ್ತಿಯೂ ಇಲ್ಲ.

ನಾನು ಅವಳ ಮನೆಗೆ ಹೋದೆ. ಏನು ಹೇಳಬೇಕೋ ತಿಳಿಯದೆ, ‘ಅವತ್ತು ವಂಕಿ ಹಾಕಬಹುದಿತ್ತವ್ವ, ನನಗೆ ತೋಚಲಿಲ್ಲ’ ಅಂದೆ. ಅವಳು ಬಯ್ಯಲಿಲ್ಲ. ‘ನಾನೂ ಇನ್ನೊಂದು ಸಲ ಕೇಳ್ಬೇಕಿತ್ತು’ ಅಂದಳು. ತಪ್ಪಿನಲ್ಲಿ ಅರ್ಧ ತಾನು ಹೊತ್ತುಕೊಳ್ಳಲು ಹೊರಟ ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಒಂದು ಸಲ ಕೇಳಿದ್ದೇ ಅವಳ ಮಟ್ಟಿಗೆ ಬೆಟ್ಟ ಹತ್ತಿದ ಹಾಗಿತ್ತು.

ಮುಂದೇನು ಅನ್ನುವ ಪ್ರಶ್ನೆ ಆಗಲೂ ಇತ್ತು, ಯಾಕೆಂದರೆ ಡಯಾಲಿಸಿಸ್‌ನಲ್ಲಿ ಬಸಿರು ಇನ್ನೂ ಅಪಾಯ. ನಾನು ಮೊದಲು ಮಾತಾಡಿದ್ದು ಗಂಡನ ಜೊತೆ. ಗಂಡಸಿನ ಆಪರೇಷನ್ ಈಗ ಹೊಲಿಗೆಯಿಲ್ಲದ್ದು, ಜಾಗ ಮಾತ್ರ ಮರಗಟ್ಟಿಸಿ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಕಾಯಿಲೆಯ ದೇಹವನ್ನು ಮುಟ್ಟದೆ ಆಗುವ ಶಾಶ್ವತ ಉಪಾಯ ಅದೊಂದೇ. ಇಷ್ಟು ವರ್ಷದ ಸೇವೆಯಲ್ಲಿ ಒಬ್ಬ ಗಂಡಸಿನ ಹತ್ತಿರವೂ ಕೂತು ಇದನ್ನು ಬಿಡಿಸಿ ಹೇಳಿದವಳಲ್ಲ ನಾನು, ಹೆಂಡತಿಯರ ಹತ್ತಿರವೇ ಹೇಳಿ ಮುಗಿಸುತ್ತಿದ್ದೆ. ಅವನು ತಲೆ ತಗ್ಗಿಸಿ ಕೇಳಿದ. ‘ಮೂಟೆ ಹೊರೋನು ನಾನು, ಬಲ ಹೋದ್ರೆ ಇವ್ರನ್ನ ನೋಡೋರ್ಯಾರು?’ ಅಂದ. ಬಲ ಹೋಗುವುದಿಲ್ಲ ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ಊರಿನಲ್ಲಿ ಮಾಡಿಸಿಕೊಂಡ ಒಬ್ಬನನ್ನಾದರೂ ತೋರಿಸಿ ಅಂದ. ತೋರಿಸಲು ನನ್ನ ಹತ್ತಿರ ಒಬ್ಬನೂ ಇರಲಿಲ್ಲ.

ಕೊನೆಗೆ ವಂಕಿಯೇ ಆಯಿತು. ಮೊದಲ ತಿಂಗಳುಗಳಲ್ಲಿ ರಕ್ತ ಜಾಸ್ತಿ ಹೋಯಿತು. ಡಯಾಲಿಸಿಸ್‌ನವರು ಕಬ್ಬಿಣದ ಇಂಜೆಕ್ಷನ್, ರಕ್ತ ಹೆಚ್ಚಿಸುವ ಎರಿಥ್ರೊಪೊಯಿಟಿನ್ ಸರಿಹೊಂದಿಸಿದರು. ಹಾರ್ಮೋನ್ ಇರುವ ವಂಕಿ ಹಾಕಿದರೆ ರಕ್ತವೂ ಕಮ್ಮಿಯಾಗುತ್ತದೆ, ಅದು ಇಂಥವರಿಗೆ ಹೆಚ್ಚು ಹೊಂದುತ್ತದೆ ಅಂತ ಹೆರಿಗೆ ವೈದ್ಯೆ ಹೇಳಿದರು. ಅದು ಸರ್ಕಾರದ ಉಚಿತ ಬುಟ್ಟಿಯಲ್ಲಿ ಇರಲಿಲ್ಲ, ಹೊರಗೆ ಕೊಳ್ಳುವ ದುಡ್ಡು ಇವರಲ್ಲಿರಲಿಲ್ಲ. ಡಯಾಲಿಸಿಸ್ ಹೆಂಗಸರಿಗೆ ಆ ವಂಕಿಯನ್ನು ಉಚಿತವಾಗಿ ಕೊಡಬೇಕು. ಒಂದು ಬಸಿರು ಕೆಟ್ಟಾಗ ಐ.ಸಿ.ಯು.ಗೆ ಸುರಿಯುವ ದುಡ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ.

ನಿವೃತ್ತಿಗೆ ಮುಂಚೆ ನನ್ನ ರಿಜಿಸ್ಟರನ್ನು ಮೊದಲಿಂದ ಓದಿದೆ. ಬಿ.ಪಿ., ಹೃದಯ, ಸಕ್ಕರೆ, ಮೂರ್ಛೆ ಅಂತ ಕಾರಣ ಬರೆದು ಆಪರೇಷನ್ ಆಗದೆ ಉಳಿದವರು ಇನ್ನೂ ಇದ್ದರು. ಅದರ ಪಕ್ಕದ, ಯಾವ ವಿಧಾನ ಅನ್ನುವ ಕಾಲಂ ಎಲ್ಲರಿಗೂ ಖಾಲಿ. ಒಬ್ಬೊಬ್ಬರ ಮನೆಗೂ ಆಶಾ ಜೊತೆ ಹೋದೆ. ಬಿ.ಪಿ. ಮಾತ್ರೆ ಎಣಿಸಿ ಕೊಡುವಾಗ ಕೇಳುವ ಮಾತೊಂದನ್ನು ರೂಢಿ ಮಾಡಿಕೊಂಡೆವು: ‘ಮುಟ್ಟು ಯಾವಾಗಾಯ್ತು? ಬಸಿರು ಬೇಕಾ, ಬೇಡ್ವಾ? ಬೇಡದಿದ್ರೆ ಏನು ಮಾಡ್ತಿದ್ದೀರ?’ ಗಂಡಸರು ಹೊರಗೆ ಹೋಗುವ ತನಕ ಕಾದು ಕೇಳುವುದು. ಹೆಂಗಸರು ಉತ್ತರ ಕೊಡಲು ತಡಮಾಡಲಿಲ್ಲ, ಕೆಲವರು ಅಳುತ್ತಾ ಹೇಳಿದರು.

ಅವಳ ತಾಯಿ ಈಗ ಒಂದು ಕಿಡ್ನಿ ಕೊಡಲು ಮುಂದೆ ಬಂದಿದ್ದಾರೆ, ಪರೀಕ್ಷೆಗಳು ನಡೆದಿವೆ. ನಾನು ಹಳೆಯ ಚಾಳಿಯಂತೆ, ಆ ಆಪರೇಷನ್ ಜೊತೆಗೇ ಸಂತಾನಹರಣವನ್ನೂ ಮುಗಿಸಿಬಿಡಲಿ ಅಂತ ಹೇಳಲು ಹೋದೆ. ಕಸಿಯಾದ ಮೇಲೆ ಹಾರ್ಮೋನುಗಳು ಲಯಕ್ಕೆ ಬಂದು, ಒಂದೆರಡು ತಿಂಗಳಲ್ಲೇ ಅಂಡ ಬಿಡುಗಡೆ ಶುರುವಾಗಬಹುದು. ಕಸಿ ಉಳಿಸಲು ಕೊಡುವ ಮೈಕೊಫಿನೊಲೇಟ್ ಮಾತ್ರೆ ಹೊಟ್ಟೆಯ ಮಗುವಿನಲ್ಲಿ ವಿಕಲತೆ ತರುತ್ತದೆ. ಹಾಗಾಗಿ ನನ್ನ ಅವಸರ.

ಅವಳು ಬೇಡ ಅಂದಳು. ಈ ಸಲ ಕಿಡ್ನಿ ಡಾಕ್ಟರನ್ನು ಅವಳೇ ಕೇಳಿದ್ದಾಳೆ, ಭಾವ ಪಕ್ಕದಲ್ಲಿದ್ದಾಗಲೇ. ಅವರೂ ಚೆನ್ನಾಗಿ ವಿವರಿಸಿದ್ದಾರೆ. ಎದೆಗುಂದಿಸದ ಹಾಗೆ, 1958ರಲ್ಲೇ ಅಮೆರಿಕದ ಈಡಿತ್ ಹೆಲ್ಮ್ ಅನ್ನುವ ಹೆಂಗಸು ಅವಳಿ ಸೋದರಿಯ ಕಿಡ್ನಿ ಪಡೆದ ಮೇಲೆ ಮಗು ಹೆತ್ತಳು ಅನ್ನುವುದನ್ನೂ ಹೇಳಿದ್ದಾರೆ. ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಬೇಕು, ಕ್ರಿಯಾಟಿನಿನ್ ಸ್ಥಿರವಾಗಿರಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗಬಾರದು, ಆರು ವಾರ ಮೊದಲೇ ಮೈಕೊಫಿನೊಲೇಟ್ ಬಿಟ್ಟು ಅಜಥಯೊಪ್ರಿನ್‌ಗೆ ಬದಲಾಗಬೇಕು. ಅಲ್ಲಿ ತನಕ ವಂಕಿ ಇರಲಿ, ಕಸಿಯಾದವರಲ್ಲಿ ವಂಕಿ ಕೆಲಸ ಮಾಡುವುದಿಲ್ಲ ಅನ್ನುವ ಹಳೆಯ ಅನುಮಾನಕ್ಕೆ ಆಧಾರ ಸಿಕ್ಕಿಲ್ಲ ಅಂತಲೂ ಹೇಳಿದರಂತೆ. ಇದಿಷ್ಟನ್ನೂ ಅವಳು ನನಗೆ ಒಂದೊಂದಾಗಿ ಒಪ್ಪಿಸಿದಳು.

‘ಇನ್ನೊಂದು ಬೇಕು ಅಂತಲ್ಲ ಸಿಸ್ಟ್ರೇ. ಬೇಡ ಅಂತ್ಲೂ ಈಗ್ಲೇ ಹೇಳಲ್ಲ. ನಾನು ನೋಡ್ಕೊಂಡು ಹೇಳ್ತೀನಿ.’

ಆಗಲಿ ಅಂದೆ. ವಂಕಿ ಹಾಕಿದ ದಿನಾಂಕ, ತೆಗೆಯಬೇಕಾದ ವರ್ಷ ಎರಡನ್ನೂ ಅವಳ ಕಿಡ್ನಿ ಫೈಲಿನ ಮೊದಲ ಹಾಳೆಯ ಮೇಲೆ, ಕ್ರಿಯಾಟಿನಿನ್ ಪಟ್ಟಿಯ ಪಕ್ಕದಲ್ಲಿ ಬರೆದುಕೊಟ್ಟು ಬಂದೆ.